ಹದಿನೇಳನೇ ನಂಬರಿನ ಬಾಟಲಿ

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಬಾಟಲಿಯಣ್ಣ ಅಂತಲೇ ಕರೆಯುವುದು. ಹೊಸದಾಗಿ ಸೇರಿದವರು ಈ ಹೆಸರು ಕೇಳಿ ಒಂದೆರಡು ದಿನ ಅವರ ಪಕ್ಕ ನಿಂತು ಮೂಗು ಅರಳಿಸಿ ವಾಸನೆ ನೋಡುತ್ತಾರೆ. ಪಾಪ, ಆ ಮನುಷ್ಯ ಕಾಫಿಯನ್ನೂ ಅರ್ಧ ಲೋಟಕ್ಕೇ ಬಿಡುವವರು. ಅವರ ಬಾಟಲಿಗಳೇ ಬೇರೆ. ಅಂಗೈ ಅಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿ, ಒಳಗೆ ನಾಲ್ಕೈದು ಚಮಚದಷ್ಟು ಗುಲಾಬಿ ಬಣ್ಣದ ನೀರು. ಆ ನೀರಿನ ತಳದಲ್ಲಿ, ಬರಿಗಣ್ಣಿಗೆ ಕಾಣದಂತೆ, ಯಾರದೋ ಹಲ್ಲಿನ ಬೇರಿನಿಂದ ಬಂದ ಜೀವಕೋಶಗಳು. ಹನ್ನೆರಡು ವರ್ಷದಿಂದ ಅವರ ಕೆಲಸ ಅವಕ್ಕೆ ಊಟ ಹಾಕುವುದು.

ಅವರ ಕಥೆ ಹೇಳಲು ನನಗೇನು ಹಕ್ಕು ಅಂತ ಕೇಳಿದರೆ, ಒಂಬತ್ತು ವರ್ಷ ಅವರ ಪಕ್ಕದ ಸ್ಟೂಲಿನಲ್ಲಿ ಕೂತವಳು ನಾನು. ನನಗೆ ಅವರೇ ಇಟ್ಟ ಹೆಸರು ಪಟಾಕಿ. ನನ್ನ ನಾಲಿಗೆ ಸ್ವಲ್ಪ ಉದ್ದ, ಒಪ್ಪಿಕೊಳ್ಳುತ್ತೇನೆ. ಆದರೆ ಅವರ ವಿಷಯದಲ್ಲಿ ನಾನು ಬಾಯಿ ಹಾಕದೇ ಹೋಗಿದ್ದರೆ ಈ ಕಥೆಗೆ ಕೊನೆಯೇ ಇರುತ್ತಿರಲಿಲ್ಲ.

ನಮ್ಮದು ಹಲ್ಲಿನ ಆಸ್ಪತ್ರೆಗೆ ಸೇರಿದ ಲ್ಯಾಬು. ಹಲ್ಲು ಕೀಳುವ ಕೋಣೆ ಕೆಳಗಿನ ಮಹಡಿಯಲ್ಲಿದೆ. ಹಲ್ಲು ಮೂಳೆಗೆ ಮೊಳೆ ಹೊಡೆದ ಹಾಗೆ ನೇರವಾಗಿ ಕೂತಿರುತ್ತದೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಹಾಗಲ್ಲ. ಬೇರಿಗೂ ಮೂಳೆಗೂ ನಡುವೆ ನಾರಿನಂಥ ತೆಳು ಅಂಗಾಂಶವೊಂದಿದೆ, ಎರಡನ್ನೂ ಹಿಡಿದಿಡುವುದು ಅದೇ. ವಸಡಿನ ರೋಗ ಬಂದು ಆ ನಾರು ಕರಗಿದರೆ ಹುಳುಕಿಲ್ಲದ ಹಲ್ಲೂ ಅಲ್ಲಾಡತೊಡಗುತ್ತದೆ. ಅದೇ ನಾರಿನಲ್ಲಿ ಬೆರಳೆಣಿಕೆಯಷ್ಟು ಕಾಂಡಕೋಶಗಳಿರುತ್ತವೆ, ಹೊಸ ನಾರನ್ನೂ ಹೊಸ ಮೂಳೆಯನ್ನೂ ಕಟ್ಟಬಲ್ಲಂಥವು. ಅವನ್ನು ಹೊರಗೆ ಬೆಳೆಸಿ, ಅಲ್ಲಾಡುವ ಹಲ್ಲನ್ನು ಮತ್ತೆ ಗಟ್ಟಿ ಮಾಡಬಹುದೇ ಎಂಬುದು ನಮ್ಮ ಮೇಡಂ ಹಿಡಿದಿರುವ ಹಟ. ಲ್ಯಾಬಿಗೆ ಅವರೇ ಮುಖ್ಯಸ್ಥೆ.

ಕೆಳಗಿನಿಂದ ಒಳ್ಳೆಯ ಹಲ್ಲು ಬಂತೆಂದು ಸುದ್ದಿಯಾದರೆ ಬಾಟಲಿಯಣ್ಣ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡುತ್ತಿದ್ದರು. ಬೇರಿನ ನಡುಭಾಗಕ್ಕೆ ಅಂಟಿದ ಪೊರೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಸಣ್ಣಗೆ ಹೆಚ್ಚಿ, ಬಾಟಲಿಗೆ ಹಾಕಿ, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟರೆ ಹತ್ತು ಹನ್ನೆರಡು ದಿನಕ್ಕೆ ಕೋಶಗಳು ಒಂದೊಂದಾಗಿ ಹೊರಗೆ ಹರಿದಾಡುತ್ತವೆ. ಮೂರು ದಿನಕ್ಕೊಮ್ಮೆ ಹಳೆಯ ನೀರು ತೆಗೆದು ಹೊಸದು ಹಾಕಬೇಕು. ಗುಲಾಬಿ ನೀರು ಹಳದಿಗೆ ತಿರುಗಿತೆಂದರೆ ಹಸಿದಿವೆ ಎಂದರ್ಥ. ಭಾನುವಾರ, ರಜೆ, ಜ್ವರ, ಯಾವುದೂ ಅವಕ್ಕೆ ಗೊತ್ತಿಲ್ಲ. ಹಾಗಾಗಿ ಬಾಟಲಿಯಣ್ಣನಿಗೂ ಗೊತ್ತಿರಲಿಲ್ಲ.

ಅವರ ವಾಸ ಆಸ್ಪತ್ರೆಯ ಹಿಂದಿನ ಬೀದಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಒಮ್ಮೆ ಜ್ವರದಲ್ಲಿ ಮಲಗಿದ್ದಾಗ ಮಾತ್ರೆ ಕೊಡಲು ಹೋಗಿದ್ದೆ. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಒರಗಿಸಿಟ್ಟ ಇಸ್ತ್ರಿ ಹಲಗೆ. ಎರಡನೇ ಕುರ್ಚಿ ಯಾಕಿಲ್ಲ ಅಂದರೆ, ಕೂರುವವರು ಯಾರಮ್ಮ ಅಂದರು. ಮದುವೆಯ ಪ್ರಸ್ತಾಪವೊಂದು ಹಿಂದೆ ಬಂದಿತ್ತಂತೆ. ಮಾತುಕತೆ ಇನ್ನೇನು ಕುದುರಬೇಕು ಅನ್ನುವಷ್ಟರಲ್ಲಿ ಈ ಪುಣ್ಯಾತ್ಮ ಗಡಿಯಾರ ನೋಡಿ, ಊಟ ಹಾಕುವ ಹೊತ್ತಾಯಿತು ಅಂತ ಎದ್ದು ಬಂದರಂತೆ. ಮನೆಯಲ್ಲಿ ಆಗಲೇ ಮಕ್ಕಳಿದ್ದಾರೆ ಅಂದುಕೊಂಡು ಹುಡುಗಿಯ ಕಡೆಯವರು ಮತ್ತೆ ಇತ್ತ ತಲೆ ಹಾಕಲಿಲ್ಲ. ನಮ್ಮ ಗೇಟಿನ ಕಾವಲಿನವನು ಈ ಕಥೆಯನ್ನು ಉಪ್ಪು ಖಾರ ಹಚ್ಚಿ ವರ್ಷಕ್ಕೆರಡು ಸಲವಾದರೂ ಹೇಳುತ್ತಾನೆ.

ಅವರಿಗೆ ಲೋಕದಲ್ಲಿ ಇದ್ದವಳು ಒಬ್ಬಳೇ ಅಕ್ಕ. ಬಸ್ಸಿನಲ್ಲಿ ಒಂಬತ್ತು ತಾಸಿನ ದೂರದಲ್ಲಿ ಮಗಳ ಮನೆಯಲ್ಲಿದ್ದಾಳೆ. ತಾಯಿ ಹೋದಾಗ ಇವರಿಗೆ ಎರಡು ವರ್ಷ, ಅಕ್ಕನಿಗೆ ಹದಿನೈದು. ಹೊಲಿಗೆ ಯಂತ್ರದ ಪಕ್ಕದಲ್ಲೇ ತಮ್ಮನನ್ನು ಕೂರಿಸಿಕೊಂಡು, ಕಾಲಲ್ಲಿ ಪೆಡಲ್ಲು, ಕೈಯಲ್ಲಿ ಬಟ್ಟೆ, ಬಾಯಲ್ಲಿ ಲೆಕ್ಕದ ಮಗ್ಗಿ, ಹೀಗೆ ಸಾಕಿದವಳು. ದಾರ ಕತ್ತರಿಸಲು ಅವಳು ಕತ್ತರಿ ಮುಟ್ಟುತ್ತಿರಲಿಲ್ಲವಂತೆ. ಬಟ್ಟೆಯನ್ನು ಬಾಯಿಯ ಹತ್ತಿರ ತಂದು ಕೋರೆಹಲ್ಲಿನಲ್ಲಿ ಟಕ್ಕನೆ ಕಡಿಯುತ್ತಿದ್ದಳು. ಆ ಟಕ್ ಸದ್ದು ಕೇಳದೆ ತನಗೆ ನಿದ್ದೆಯೇ ಬರುತ್ತಿರಲಿಲ್ಲ ಎಂದು ಬಾಟಲಿಯಣ್ಣ ಎಷ್ಟೋ ಸಲ ಹೇಳಿದ್ದಾರೆ.

ಪ್ರತಿ ಭಾನುವಾರ ಹನ್ನೊಂದಕ್ಕೆ ಅವಳ ಫೋನು. ಅವರ ಕೈಯಲ್ಲಿ ಗ್ಲೌಸು, ಹಾಗಾಗಿ ನಾನೇ ಫೋನನ್ನು ಸ್ಪೀಕರಿಗೆ ಹಾಕಿ ಬಾಗಿಲ ಬಳಿಯ ಮೇಜಿನ ಮೇಲಿಡುತ್ತಿದ್ದೆ. ಹಲ್ಲಿಲ್ಲದ ಬಾಯಿಯ ಮೆತ್ತನೆಯ ಮಾತು. ಐವತ್ತೇಳರ ಈ ಗಂಡಸನ್ನು ಅವಳು ಪುಟ್ಟಾ ಅನ್ನುತ್ತಿದ್ದಳು. ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ನಿನ್ನ ಮಕ್ಕಳಿಗೆ ಊಟ ಆಯ್ತೇನೋ?"

ಆಯ್ತಕ್ಕ ಎನ್ನುತ್ತಿದ್ದರು. ಆಮೇಲೆ ಅವಳು ಮೊಮ್ಮಗಳ ಪರೀಕ್ಷೆ, ಮೊಣಕಾಲು ನೋವು, ಮನೆಗೆ ಬಳಿದ ಹೊಸ ಬಣ್ಣ, ಎಲ್ಲ ಹೇಳಿ, ಕೊನೆಗೆ ಯಾವಾಗ ಬರ್ತೀಯಾ ಎಂದು ಕೇಳುತ್ತಿದ್ದಳು. ಈ ಬಾಟಲಿಗಳದ್ದೊಂದು ಮುಗೀಲಿ ಅಕ್ಕ ಎನ್ನುವುದು ಇವರ ಉತ್ತರ. ಹನ್ನೆರಡು ವರ್ಷ ಆ ಬಾಟಲಿಗಳದ್ದು ಮುಗಿಯಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಇದು ಶುದ್ಧ ಕುಂಟುನೆಪ. ಬಾಟಲಿಯಲ್ಲಿನ ಕೋಶಗಳನ್ನು ಸಣ್ಣ ಸೀಸೆಗೆ ತುಂಬಿ ನೈಟ್ರೋಜನ್ ಡ್ರಮ್ಮಿನ ಮೈನಸ್ ಚಳಿಯಲ್ಲಿ ಇಳಿಬಿಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತವೆ, ಹಸಿವಿಲ್ಲ ನೀರಡಿಕೆಯಿಲ್ಲ. ಅದೂ ಬೇಡ, ನಾಲ್ಕು ದಿನ ಊಟ ಹಾಕಲು ನಾನು ಸತ್ತು ಹೋಗಿದ್ದೇನೆಯೇ? ಹಾಗಂತ ಮುಖಕ್ಕೆ ಹೊಡೆದಂತೆ ಹೇಳಿದೆ ಕೂಡ. ಅವರು ಪಿಪೆಟ್ಟಿನ ತುದಿ ನೋಡುತ್ತ ನಿಂತರು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಕಳೆದ ವರ್ಷ ಮೇಡಂ ಹೊಸ ಪ್ರಯೋಗ ಶುರು ಮಾಡಿದರು. ಹರೆಯದವರ ಹಲ್ಲಿನಿಂದ ಬಂದ ಕೋಶಗಳನ್ನೂ ವಯಸ್ಸಾದವರ ಹಲ್ಲಿನಿಂದ ಬಂದವನ್ನೂ ಪಕ್ಕಪಕ್ಕದಲ್ಲಿ ಬೆಳೆಸಿ, ಹಲ್ಲು ಹಿಡಿದಿಡುವ ನಾರಿಗೆ ಬೇಕಾದ ಪ್ರೋಟೀನನ್ನು ಯಾವುವು ಇನ್ನೂ ತಯಾರಿಸುತ್ತವೆ ಎಂದು ನೋಡುವುದು. ಕೋಶ ಬದುಕಿದ್ದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಅಂತ ಅಲ್ಲ. ಅಡುಗೆ ಪುಸ್ತಕದಲ್ಲಿ ಬರೆದದ್ದೆಲ್ಲ ಮನೆಯಲ್ಲಿ ಬೇಯುವುದಿಲ್ಲವಲ್ಲ, ಹಾಗೆ. ಪ್ರೋಟೀನು ಬಂದಿದೆಯೋ ಇಲ್ಲವೋ ನೋಡಲು ಕೊನೆಗೆ ಆ ಕೋಶಗಳನ್ನು ಒಡೆಯಲೇಬೇಕು. ಒಡೆದ ರಸವನ್ನು ಲೋಳೆಯಂಥ ಜೆಲ್ಲಿನಲ್ಲಿ ಓಡಿಸಿ, ಕಾಗದದಂಥ ಬಿಳಿ ಪೊರೆಯ ಮೇಲೆ ಇಳಿಸಿದರೆ, ಪ್ರೋಟೀನ್ ಇದ್ದ ಕಡೆ ಕಪ್ಪು ಗೆರೆ ಮೂಡುತ್ತದೆ. ಇಲ್ಲದಿದ್ದರೆ ಖಾಲಿ.

ವಯಸ್ಸಾದವರ ಸಾಲಿಗೆ ಮೇಡಂ ಹದಿನೇಳನೇ ನಂಬರ್ ಕೇಳಿದರು. ನಮ್ಮ ಲ್ಯಾಬಿನಲ್ಲಿ ಮೊಟ್ಟಮೊದಲು ಬದುಕಿದ ಕೋಶಗಳು ಅವು. ಹನ್ನೆರಡು ಸೀಸೆ ತುಂಬಿಟ್ಟಿದ್ದರಲ್ಲಿ ಉಳಿದದ್ದು ಒಂದು. ಬಾಟಲಿಯಣ್ಣ ಡ್ರಮ್ಮಿನಿಂದ ಅದನ್ನು ಎತ್ತುವಾಗ ಎರಡೂ ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿದೆ. ಇಂಥ ಸಾವಿರ ಸೀಸೆ ಎತ್ತಿದ ಕೈ ಅದು. ಕರಗಿಸಿ ಬಾಟಲಿಗೆ ಹಾಕಿದರು. ಮಾರನೇ ದಿನ ನೋಡಿದರೆ ಅರ್ಧಕ್ಕರ್ಧ ಸತ್ತು ತೇಲುತ್ತಿದ್ದವು, ಉಳಿದವು ತಳಕ್ಕೆ ಅಂಟಿಕೊಂಡಿದ್ದವು. ಅಂದಿನಿಂದ ದಿನಕ್ಕೆ ಮೂರು ಸಲ ಹೋಗಿ ನೋಡುತ್ತಿದ್ದರು. ಆ ಬಾಟಲಿಯನ್ನು ನನಗೆ ಮುಟ್ಟಲೂ ಬಿಡಲಿಲ್ಲ.

ಅಂಥ ಹೊತ್ತಿನಲ್ಲೇ ಒಂದು ಭಾನುವಾರ ಅಕ್ಕ ಹೇಳಿದಳು, ಬರುವ ತಿಂಗಳು ತನಗೆ ಎಪ್ಪತ್ತು ತುಂಬುತ್ತದೆ, ಮುಂದಿನ ಕೋಣೆಯಲ್ಲಿ ಅವನಿಗೆಂದು ಹಾಸಿಗೆ ಹಾಸಿಟ್ಟಾಗಿದೆ, ಒಂದು ದಿನದ ಮಟ್ಟಿಗಾದರೂ ಬರಲಿ. ಇವರು ಎಂದಿನಂತೆ, ಈ ಬಾಟಲಿಗಳದ್ದೊಂದು ಮುಗೀಲಿ ಅಂದರು. ಆಯ್ತು ಪುಟ್ಟಾ ಎಂದು ಫೋನಿಟ್ಟಳು.

ನನ್ನ ಪಿತ್ತ ನೆತ್ತಿಗೇರಿತು. ಗ್ಲೌಸು ಕಿತ್ತೆಸೆದು, ನೀವು ಮನುಷ್ಯರೋ ಮರದ ಕೊರಡೋ ಎಂದು ಕೇಳಿದೆ. ಸಾಕಿದವಳು ಕರೆದರೂ ಹೋಗದವರು ಈ ಕಣ್ಣಿಗೆ ಕಾಣದ ಹುಳುಗಳಿಗೆ ಊಟ ಹಾಕಿ ಯಾವ ಸ್ವರ್ಗ ಸೇರುತ್ತೀರಿ ಎಂದೂ ಕೇಳಿದೆ. ಅವರು ಬಾಟಲಿಯನ್ನು ಪೆಟ್ಟಿಗೆಯೊಳಗಿಟ್ಟು, ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಹದಿನೇಳು ನಮ್ಮಕ್ಕಂದೇ ಕಣಮ್ಮ," ಅಂದರು.

ಆಮೇಲೆ ಮೆಲ್ಲಗೆ ಎಲ್ಲ ಹೇಳಿದರು. ಹನ್ನೆರಡು ವರ್ಷದ ಹಿಂದೆ ಅವರು ಕಟ್ಟುಹಲ್ಲು ಮಾಡುವ ವಿಭಾಗದಿಂದ ಈ ಲ್ಯಾಬಿಗೆ ಹೊಸದಾಗಿ ಬಂದಿದ್ದರು. ಹದಿಮೂರು ಬಾಟಲಿ ಹಾಕಿ ಹದಿಮೂರೂ ಸತ್ತಿದ್ದವು. ಇನ್ನು ಒಂದು ತಿಂಗಳು ನೋಡಿ ಲ್ಯಾಬು ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿದ್ದರು. ಆಗ ಅಕ್ಕ ವಸಡು ಊದಿಸಿಕೊಂಡು ಬಂದಳು. ಹಲ್ಲೆಲ್ಲ ಅಲ್ಲಾಡುತ್ತಿದ್ದವು, ನಾಲ್ಕು ಕೋರೆಹಲ್ಲು ಬಿಟ್ಟು. ಅವುಗಳ ಬೇರು ಉದ್ದ, ಗಟ್ಟಿಯಾಗಿ ನಿಂತಿದ್ದವು. ಡಾಕ್ಟರು ಇವರನ್ನು ಪಕ್ಕಕ್ಕೆ ಕರೆದು, ಈ ನಾಲ್ಕನ್ನು ಉಳಿಸಿಕೊಳ್ಳಬಹುದು, ವಾರ ವಾರ ಬಂದು ವಸಡಿನ ಚಿಕಿತ್ಸೆ ಮಾಡಿಸಿಕೊಳ್ಳಬೇಕು, ಅವನ್ನೇ ಹಿಡಿದು ಕಟ್ಟುಹಲ್ಲೂ ಭದ್ರವಾಗಿ ಕೂರುತ್ತದೆ ಅಂದರಂತೆ. ಅಲ್ಲಾಡುವ ಹಲ್ಲಿನ ಬೇರಿನಲ್ಲಿ ಕೆರೆಯಲು ಏನೂ ಉಳಿದಿರುವುದಿಲ್ಲ. ಒಳ್ಳೆಯ ನಾರು ಇದ್ದದ್ದು ಆ ನಾಲ್ಕರಲ್ಲೇ. ನೀನೇ ಹೇಳೋ, ನಿನಗೆ ಗೊತ್ತಾಗುತ್ತೆ ಅಂದಳು ಅಕ್ಕ.

"ಎಲ್ಲಾ ತೆಗೆಸ್ಬಿಡು ಅಂದೆ. ಹಲ್ಲು ಬೇಕಿತ್ತು ನಂಗೆ."

ನಾಲ್ಕರಲ್ಲಿ ಮೂರಕ್ಕೆ ಬೂಸ್ಟು ಬಂತು. ಹದಿನೇಳು ಬದುಕಿತು, ಅದರಿಂದ ಲ್ಯಾಬೂ ಬದುಕಿತು. ಅಕ್ಕನ ಕಟ್ಟುಹಲ್ಲನ್ನು ಇವರೇ ಕೈಯಾರೆ ಮಾಡಿದರು. ಹಿಡಿದುಕೊಳ್ಳಲು ಏನೂ ಇಲ್ಲದೆ ಕೆಳಗಿನ ಸೆಟ್ಟು ಬಾಯಲ್ಲಿ ಕುಣಿಯುತ್ತಿತ್ತು. ಅವಳು ಅದನ್ನು ಒಂದು ಲೋಟದಲ್ಲಿ ನೀರು ಹಾಕಿ ಇಟ್ಟುಬಿಟ್ಟಳು. ಊರಿಗೆ ಹೊರಡುವಾಗ, ಚೆನ್ನಾಗಿದೆ ಪುಟ್ಟಾ, ಅಭ್ಯಾಸ ಆಗಬೇಕಷ್ಟೆ ಅಂದಳಂತೆ. ಅಂದಿನಿಂದ ಅವಳ ಮುಖ ನೋಡುವ ಧೈರ್ಯ ಇವರಿಗೆ ಬಂದಿಲ್ಲ. ಹೋಗಬೇಕು ಅಂತ ದಿನಾ ಅನಿಸುತ್ತದೆ, ಬಸ್ ನಿಲ್ದಾಣದವರೆಗೂ ಎರಡು ಸಲ ಹೋಗಿದ್ದೇನೆ ಅಂದರು. ಈ ಕೋಶಗಳು ಪ್ರೋಟೀನ್ ಮಾಡಿ ತೋರಿಸಿದರೆ, ನಿನ್ನ ಹಲ್ಲು ದಂಡವಾಗಲಿಲ್ಲ ಅಕ್ಕ ಎಂದು ಹೇಳಲು ಒಂದು ಮಾತಾದರೂ ಇರುತ್ತದೆ. ಆ ಗೆರೆಯೊಂದು ಮೂಡಲಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ.

ಸಿಟ್ಟು ಅವರ ಮೇಲಿತ್ತು, ಕರುಳು ಚುರುಕ್ ಅಂದದ್ದೂ ಅವರಿಗಾಗಿಯೇ. ಹುಳುಗಳು ಅಂದದ್ದಕ್ಕೆ ತಪ್ಪಾಯಿತು ಎಂದೆ.

ಮುಂದಿನ ಭಾನುವಾರ ಹನ್ನೊಂದಕ್ಕೆ ಫೋನು ಬಂದಾಗ ಅವರು ಗುಲಾಬಿ ನೀರು ತರಲು ಶೀತಲ ಕೋಣೆಗೆ ಹೋಗಿದ್ದರು. ನಾನು ಎತ್ತಿದೆ. ಅವರು ಹೇಳಿದ ಗುಟ್ಟನ್ನು ಬಾಯಿ ಬಿಡಲಿಲ್ಲ, ಅಷ್ಟು ಬುದ್ಧಿ ನನಗಿದೆ. ಅವರಂತೂ ಬರುವುದಿಲ್ಲಮ್ಮ, ನೀವೇ ಒಂದು ಸಲ ಬಂದುಬಿಡಿ, ಬೇಗ ಬನ್ನಿ ಎಂದಷ್ಟೇ ಹೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ವಿಳಾಸ ಬರೆದುಕೊಳ್ಳಲು ಮೊಮ್ಮಗಳನ್ನು ಕರೆದಳು.

ಅದರ ಮುಂದಿನ ಭಾನುವಾರ ಹನ್ನೊಂದಕ್ಕೆ ಫೋನು ಬರಲಿಲ್ಲ. ಬಾಟಲಿಯಣ್ಣ ಮೇಜಿನ ಕಡೆ ನಾಲ್ಕು ಸಲ ತಿರುಗಿ ನೋಡಿದರು. ಹನ್ನೊಂದೂಕಾಲಿಗೆ ಗೇಟಿನ ಕಾವಲಿನವನು ಒಬ್ಬ ಕುಳ್ಳಗಿನ ಮುದುಕಿಯನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದ. ತಲೆಗೂದಲು ಪೂರಾ ಬೆಳ್ಳಗೆ, ಕೆನ್ನೆ ಒಳಕ್ಕೆ ಹೋಗಿತ್ತು. ಮಗಳನ್ನು ಕೆಳಗಿನ ಬೆಂಚಿನಲ್ಲೇ ಕೂರಿಸಿ ಒಬ್ಬಳೇ ಮೆಟ್ಟಿಲು ಹತ್ತಿ ಬಂದಿದ್ದಳು. ತಮ್ಮನನ್ನು ನೋಡಿ ಅಳಲೂ ಇಲ್ಲ, ಬೈಯಲೂ ಇಲ್ಲ.

"ಕೋಟಿನ ಗುಂಡಿ ನೇತಾಡ್ತಾ ಇದೆಯಲ್ಲೋ," ಅಂದಳು.

ಅವರು ಬಾಟಲಿ ತೆರೆಯುವ ಗಾಜಿನ ಗೂಡಿನ ಮುಂದೆ ಕೈ ಮೇಲೆತ್ತಿಕೊಂಡು, ಕಲ್ಲಾದವರಂತೆ ಕೂತಿದ್ದರು. ಅವರ ಕೈಯಲ್ಲಿದ್ದ ಬಾಟಲಿಯನ್ನು ನಾನೇ ಇಸಿದುಕೊಂಡು ಮುಚ್ಚಳ ಹಾಕಿದೆ. ಅಕ್ಕ ಕಾಲಿಗೆ ಲ್ಯಾಬಿನ ಪ್ಲಾಸ್ಟಿಕ್ ಕವಚ ತೊಟ್ಟು ಒಳಗೆ ಬಂದಳು. ನಿನ್ನ ಮಕ್ಕಳನ್ನು ತೋರಿಸು ಅಂದಳು. ಅವರು ಹದಿನೇಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೊದಲು ಏನೂ ಕಾಣುವುದಿಲ್ಲ ಅಂದಳು. ಕಣ್ಣು ಹೊಂದಿಸಿಕೊಂಡ ಮೇಲೆ ಕಂಡವು. ಆ ಕೋಶಗಳು ಉದ್ದುದ್ದ, ತೆಳ್ಳಗೆ, ಎಲ್ಲ ಒಂದೇ ಕಡೆಗೆ ಮಲಗಿರುತ್ತವೆ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ. ತುಂಬ ಹೊತ್ತು ನೋಡಿದಳು.

ಆಮೇಲೆ ತಮ್ಮನ ಕೋಟು ಬಿಚ್ಚಿಸಿ, ಕೈಚೀಲದಿಂದ ಸೂಜಿದಾರ ತೆಗೆದು, ನನ್ನ ಸ್ಟೂಲಿನಲ್ಲಿ ಕೂತು ಗುಂಡಿ ಹೊಲಿಯತೊಡಗಿದಳು. ಲ್ಯಾಬಿನೊಳಗೆ ಸೂಜಿದಾರ ತರುವಂತಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಐದಾರು ಸುತ್ತು ಹಾಕಿ, ಗಂಟು ಬಿಗಿದು, ಹಳೆಯ ರೂಢಿಯಲ್ಲಿ ಕೋಟನ್ನು ಬಾಯಿಯ ಹತ್ತಿರ ತಂದು ದಾರಕ್ಕೆ ತುಟಿ ಇಟ್ಟಳು. ಒಂದು ಕ್ಷಣ ಹಾಗೇ ಇದ್ದಳು. ಆಮೇಲೆ ಕೋಟನ್ನು ತೊಡೆಯ ಮೇಲಿಳಿಸಿ, ಕತ್ತರಿ ಇದೆಯಾ ಎಂಬಂತೆ ಮೇಜಿನ ಮೇಲೆ ಕಣ್ಣಾಡಿಸಿದಳು.

ಬಾಟಲಿಯಣ್ಣ ಅವಳ ಮುಂದೆ ನೆಲದ ಮೇಲೆ ಕುಸಿದು ಕೂತರು.

"ಅಕ್ಕಾ, ಆ ನಾಲ್ಕು ಗಟ್ಟಿ ಇದ್ವು. ಉಳಿಸ್ಕೋಬಹುದು ಅಂತ ಡಾಕ್ಟ್ರು ಹೇಳಿದ್ರು. ನಂಗೆ ಬೇಕು ಅಂತ ನಾನೇ ತೆಗೆಸ್ಬಿಟ್ಟೆ."

ಅವಳು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಗೊತ್ತಿತ್ತು ಕಣೋ. ಡಾಕ್ಟ್ರು ನನ್ಗೂ ಹೇಳಿದ್ರು. ನೀನು ಪಕ್ಕದಲ್ಲಿ ಹಲ್ಲು ಹಾಕ್ಕೊಳ್ಳೋಕೆ ಟ್ಯೂಬು ಹಿಡ್ಕೊಂಡು ನಿಂತಿದ್ದೆ. ಚಿಕ್ಕೋನಿದ್ದಾಗ ಏನಾದ್ರೂ ಬೇಕು ಅಂದ್ರೆ ಬಾಯಿ ಬಿಟ್ಟು ಕೇಳ್ದೆ ಹಾಗೇ ನಿಲ್ತಿದ್ದೆಯಲ್ಲ, ಹಾಗೆ. ಇಲ್ಲ ಅನ್ನೋಕೆ ಆಗ್ಲಿಲ್ಲ."

ಅವರು ತಲೆ ಎತ್ತಲಿಲ್ಲ.

"ಹಲ್ಲು ಕೊಟ್ಟಿದ್ದಕ್ಕೆ ಯಾವತ್ತೂ ಬೇಜಾರಾಗಿಲ್ಲ ಪುಟ್ಟಾ. ಅದ್ರ ಜೊತೆ ನೀನೂ ಹೋಗ್ತೀಯ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಕೊಡ್ತಿರ್ಲಿಲ್ಲ."

ನಾನು ಹೊರಗಿನ ಕಾರಿಡಾರಿಗೆ ಬಂದು ಕಿಟಕಿ ಹಿಡಿದು ನಿಂತೆ. ಒಳಗೆ ಗಂಡಸೊಬ್ಬರು ಬಿಕ್ಕಿ ಬಿಕ್ಕಿ ಅಳುವುದನ್ನು ಕೇಳಿಸಿಕೊಳ್ಳುತ್ತ ನನಗೂ ತಡೆಯಲಾಗಲಿಲ್ಲ. ಹನ್ನೆರಡು ವರ್ಷ ಒಂಬತ್ತು ತಾಸಿನ ದಾರಿಯ ಈ ತುದಿಯಲ್ಲೊಬ್ಬರು ಆ ತುದಿಯಲ್ಲೊಬ್ಬರು ಕೂತು, ಒಬ್ಬರಿಗೊಬ್ಬರು ಹಂಬಲಿಸಿ ಕಳೆದಿದ್ದರು. ಇಬ್ಬರಿಗೂ ಗೊತ್ತಿದ್ದ ಒಂದೇ ವಿಷಯಕ್ಕೆ.

ಸ್ವಲ್ಪ ಹೊತ್ತಿನ ಮೇಲೆ ಬಾಟಲಿಯಣ್ಣ ಹೊರಗೆ ಬಂದರು. ಕೋಟಿನ ಗುಂಡಿಯಿಂದ ಗೇಣುದ್ದ ದಾರ ಇನ್ನೂ ನೇತಾಡುತ್ತಿತ್ತು. ಹದಿನೇಳಕ್ಕೆ ಬುಧವಾರ, ಶನಿವಾರ ಊಟ ಹಾಕಬೇಕು, ಸೋಮವಾರ ಮೇಡಂ ಒಡೆಯುತ್ತಾರೆ, ನೀರು ಹಾಕುವಾಗ ಕೋಶಗಳ ಮೇಲೆ ನೇರ ಬೀಳದಂತೆ ಬಾಟಲಿಯ ಗೋಡೆಯ ಪಕ್ಕದಿಂದ ಹಾಕು ಎಂದರು. ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿರುವವಳಿಗೆ ಹೇಳುತ್ತಿದ್ದರು. ಆಯಿತಣ್ಣ ಅಂದೆ. ಮಧ್ಯಾಹ್ನದ ಬಸ್ಸಿಗೆ ಮೂವರೂ ಹೊರಟರು. ಗೇಟಿನ ಕಾವಲಿನವನು ಕೂಡ ಅಂದು ಏನೂ ತಮಾಷೆ ಮಾಡಲಿಲ್ಲ.

ಬುಧವಾರ, ಶನಿವಾರ ನಾನು ಊಟ ಹಾಕಿದೆ, ಗೋಡೆಯ ಪಕ್ಕದಿಂದಲೇ. ಸೋಮವಾರ ಮೇಡಂ ಹೇಳಿದಂತೆ ಬಾಟಲಿ ಖಾಲಿ ಮಾಡಿ, ಕೋಶಗಳನ್ನು ಒಡೆದು, ರಸವನ್ನು ಜೆಲ್ಲಿಗೆ ಬಿಟ್ಟೆ. ಕೈ ನನ್ನದೇ ಆದರೂ ಎಲ್ಲಿಯೋ ಕಳ್ಳತನ ಮಾಡಿದ ಹಾಗಿತ್ತು. ಬುಧವಾರ ಬೆಳಿಗ್ಗೆ ಪೊರೆಯ ಚಿತ್ರ ಬಂತು. ಹರೆಯದವರ ಸಾಲುಗಳಲ್ಲಿ ಕಪ್ಪು ಗೆರೆ ಕಣ್ಣಿಗೆ ಹೊಡೆಯುವಷ್ಟು ದಪ್ಪ. ಹದಿನೇಳರ ಜಾಗದಲ್ಲಿ, ಚಿತ್ರವನ್ನು ಕಿಟಕಿಗೆ ಹಿಡಿದು ಓರೆಯಾಗಿ ನೋಡಿದರೆ, ಉಗುರಿನಲ್ಲಿ ಗೀರಿದಷ್ಟು ತೆಳುವಾದ ಒಂದು ನೆರಳು. ಇದೆಯೋ ನಮ್ಮ ಕಣ್ಣಿನ ಭ್ರಮೆಯೋ. ಇದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ ಎಂದರು ಮೇಡಂ. ಇನ್ನೊಮ್ಮೆ ಮಾಡಿ ನೋಡೋಣ ಅನ್ನಲು ಹದಿನೇಳು ಉಳಿದಿರಲಿಲ್ಲ.

ಅವರಿಗೆ ಹೇಳಬೇಕೋ ಬೇಡವೋ ಎಂದು ಮಧ್ಯಾಹ್ನದವರೆಗೆ ತಲೆ ಕೆಡಿಸಿಕೊಂಡೆ. ಹನ್ನೆರಡು ವರ್ಷ ಕಾದ ಗೆರೆ. ಹೇಳದೆ ಇರುವುದು ಮೋಸ ಅನಿಸಿ ಫೋನು ಹಚ್ಚಿದೆ. ಅಕ್ಕ ಎತ್ತಿದಳು. ಹಿಂದೆ ತಟ್ಟೆ ಲೋಟದ ಸದ್ದು, ಯಾರೋ ನಗುತ್ತಿದ್ದರು. ಅಣ್ಣನಿಗೆ ಕೊಡಿ ಅಂದೆ.

"ಊಟ ಮಾಡ್ತಾ ಇದ್ದಾನಮ್ಮ. ಅರ್ಜೆಂಟಾ?"

ನಾನು ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿದೆ.

"ಇಲ್ಲಮ್ಮ, ಅರ್ಜೆಂಟ್ ಏನಿಲ್ಲ. ಊಟ ಮಾಡ್ಲಿ," ಅಂದೆ.